ನದಿಯ ಮೀನಿಗೆ ಇಲಾಖೆ ಯಾವುದು?

ಗೆ,
ಮಾನ್ಯ ಮುಖ್ಯಮಂತ್ರಿಗಳು ಹಾಗೂ ರಾಜ್ಯ ವನ್ಯಜೀವಿ ಮಂಡಳಿಯ ಅಧ್ಯಕ್ಷರು
ಮಾನ್ಯ ಅರಣ್ಯ ಸಚಿವರು
ಮಾನ್ಯ ಮೀನುಗಾರಿಕೆ ಸಚಿವರು
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ರಾಜ್ಯದ ನದಿಗಳ ಸ್ಥಳೀಯ ಮೀನುಗಳ ಹೊಣೆಯನ್ನು ಸ್ಪಷ್ಟವಾಗಿ ವಹಿಸಿಕೊಡುವ ಬಗ್ಗೆ.

ಮಾನ್ಯರೇ,

ರಾಜ್ಯದ ಪ್ರಾಣಿ ಆನೆ, ಪಕ್ಷಿ ನೀಲಕಂಠ, ಮರ ಶ್ರೀಗಂಧ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ರಾಜ್ಯದ ಮೀನು ಯಾವುದೆಂದು ವಿಧಾನಸೌಧದ ಮೊಗಸಾಲೆಯಲ್ಲಿ ನಿಂತು ಕೇಳಿದರೆ ಎಷ್ಟು ಜನ ಹೇಳಿಯಾರು? ಇದೆ ಒಂದು: ಕಾವೇರಿ ಕಣಿವೆಯ ಕರ್ನಾಟಿಕ್ ಕಾರ್ಪ್, 1849ರಲ್ಲೇ ಶಾಸ್ತ್ರೀಯ ಹೆಸರು ಪಡೆದ ಮೀನು. ಅದನ್ನು ರಾಜ್ಯದ ಮೀನು ಎಂದು ಕರೆದು ಗೌರವಿಸಿದ್ದಾಯಿತು. ಆದರೆ ಅದು ಇವತ್ತು ಯಾವ ಯಾವ ಹೊಳೆಯಲ್ಲಿ ಉಳಿದಿದೆ, ಎಲ್ಲಿ ಮೊಟ್ಟೆ ಇಡುತ್ತದೆ, ಹತ್ತು ವರ್ಷದ ಹಿಂದಿಗಿಂತ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಕೇಳಿದರೆ ಉತ್ತರಿಸಬೇಕಾದ ಕಚೇರಿ ಯಾವುದು? ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

ಕಾಡಿನೊಳಗೆ ಹರಿಯುವ ನದಿಯ ದಡ ಅರಣ್ಯ ಇಲಾಖೆಯದು. ನೀರು ನೀರಾವರಿ ನಿಗಮದ್ದು. ಮರಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯದು. ನೀರಿಗೆ ಬೀಳುವ ವಿಷ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಚಾರ. ಮೀನು ಬಲೆಗೆ ಬಿದ್ದು ತಕ್ಕಡಿ ಏರಿದ ಮೇಲೆ ಮೀನುಗಾರಿಕೆ ಇಲಾಖೆಯ ಲೆಕ್ಕಕ್ಕೆ ಬರುತ್ತದೆ. ತಕ್ಕಡಿ ಏರುವ ಮುಂಚೆ, ನೀರಲ್ಲಿ ಈಜಿಕೊಂಡಿರುವಷ್ಟು ಕಾಲ, ಅದು ಯಾರ ಕಡತದಲ್ಲೂ ಇರುವುದಿಲ್ಲ.

ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. 1901ರಲ್ಲಿ ಮೈಸೂರು ಸಂಸ್ಥಾನ ಒಂದು ಕಾನೂನು ತಂದಿತ್ತು. ಬೇಟೆಯ ಪ್ರಾಣಿ ಮತ್ತು ಮೀನುಗಳ ಸಂರಕ್ಷಣೆಯ ಕಾನೂನು ಎಂದೇ ಅದರ ಹೆಸರು. ಕಾಡಿನ ಕಡವೆಯನ್ನೂ ಹೊಳೆಯ ದೊಡ್ಡ ಮೀನಾದ ಮಹಶೀರನ್ನೂ ಒಂದೇ ಕಾಗದದಲ್ಲಿ ತಂದಿದ್ದರು. ಅದರ ಹಿಂದಿದ್ದದ್ದು ಜೀವಿಗಳ ಮೇಲಿನ ಕರುಣೆಗಿಂತ ಶಿಕಾರಿಯ ಶೋಕಿ, ಅರಮನೆಯ ಮತ್ತು ದೊರೆಗಳ ಅತಿಥಿಗಳಿಗೆ ಬೇಟೆ ಉಳಿದಿರಲಿ ಅನ್ನುವ ಲೆಕ್ಕಾಚಾರ. ಆದರೂ ಒಂದು ವಿಷಯದಲ್ಲಿ ಅವರ ಕಣ್ಣು ಸರಿಯಾಗಿತ್ತು. ಕಾಡಿನ ಜೀವಿಯೂ ನೀರಿನ ಜೀವಿಯೂ ಒಂದೇ ಹೊಣೆಯ ಎರಡು ಭಾಗ ಅನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕೂ ನಾಲ್ಕು ವರ್ಷ ಮೊದಲು, 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಹೊಳೆಗೆ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ಅಪರಾಧ ಎಂದಿತ್ತು. ನೂರಿಪ್ಪತ್ತೈದು ವರ್ಷ ದಾಟಿದ ನಿಷೇಧ ಅದು. ಈಗಲೂ ಬೇಸಿಗೆಯಲ್ಲಿ ಮಲೆನಾಡಿನ ಯಾವುದಾದರೂ ಹೊಳೆಯ ಗುಂಡಿಯ ಹತ್ತಿರ ಒಂದು ರಾತ್ರಿ ಕೂತರೆ ಮೀನು ಕೊಲ್ಲುವ ಸಿಡಿಮದ್ದಿನ ತೋಟೆಯ ಸದ್ದು ಕೇಳಲಿಕ್ಕೆ ಬಹಳ ಹೊತ್ತೇನೂ ಕಾಯಬೇಕಿಲ್ಲ.

ಮೈಸೂರಿನ ಅರಣ್ಯ ಇಲಾಖೆ 1864ರಲ್ಲಿ ಹುಟ್ಟಿದ್ದು ಹುಲಿ ಕಾಯುವುದಕ್ಕಲ್ಲ. ರೈಲು ಹಳಿಗೆ, ಸೇತುವೆಗೆ, ಕಟ್ಟಡಕ್ಕೆ ಮರ ಬೇಕಿತ್ತು. ಬೊಕ್ಕಸಕ್ಕೆ ಶ್ರೀಗಂಧದ ಹಣ ಬೇಕಿತ್ತು. ನಾಟಾ ಎಷ್ಟು ಘನ ಅಡಿ ಹೋಯಿತು, ಕೂಪು ಎಷ್ಟಕ್ಕೆ ಹರಾಜಾಯಿತು, ವರ್ಷದ ಆದಾಯ ಎಷ್ಟು ಏರಿತು ಅನ್ನುವುದೇ ನೂರು ವರ್ಷಕ್ಕೂ ಹೆಚ್ಚು ಕಾಲ ಆ ಇಲಾಖೆಯ ಅಳತೆಗೋಲಾಗಿತ್ತು. ಹುಲಿ ಕೊಂದವರಿಗೆ ಇನಾಮು ಕೊಡುತ್ತಿದ್ದ ಕಾಲ. ಕಾಕನಕೋಟೆಯ ಕಾಡಿನಲ್ಲಿ ಖೆಡ್ಡಾ ನಡೆಸಿ ಆನೆ ಹಿಂಡನ್ನು ಕಬಿನಿಗೆ ಇಳಿಸಿ ಹಿಡಿಯುವುದು ವೈಸ್‌ರಾಯ್‌ಗಳಿಗೆ ತೋರಿಸುವ ಜಾತ್ರೆಯಾಗಿತ್ತು. 1971ರವರೆಗೂ ಖೆಡ್ಡಾ ನಡೆದಿದೆ.

ಅದೇ ಇಲಾಖೆ ನಿಧಾನಕ್ಕೆ ಬದಲಾಯಿತು. 1931ರಲ್ಲಿ ಬಂಡೀಪುರದ ಸುತ್ತ ವೇಣುಗೋಪಾಲ ವನ್ಯಮೃಗ ಧಾಮ ಆಯಿತು, ಹತ್ತು ವರ್ಷದಲ್ಲಿ ಅದರ ಮೇರೆ ದೊಡ್ಡದಾಯಿತು. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮಾತು ಕೇಳಿ ಮಹಾರಾಜರು ರಂಗನತಿಟ್ಟನ್ನು ಪಕ್ಷಿಧಾಮ ಮಾಡಿದರು. 1972ಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರ ಹುಲಿ ಯೋಜನೆಯ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದು. ಇವತ್ತು ರಾಜ್ಯದಲ್ಲಿ ಐದು ಹುಲಿ ಸಂರಕ್ಷಿತ ಪ್ರದೇಶಗಳಿವೆ. 2022ರ ಗಣತಿಯಲ್ಲಿ 563 ಹುಲಿ, 2023ರ ಗಣತಿಯಲ್ಲಿ 6,395 ಆನೆ. ಆನೆಯಲ್ಲಿ ದೇಶಕ್ಕೇ ಮೊದಲು, ಹುಲಿಯಲ್ಲಿ ಎರಡನೆಯ ಸ್ಥಾನ. ಮಳೆಯಲ್ಲಿ ನೆನೆದು, ಕಾಡ್ಗಿಚ್ಚಿನಲ್ಲಿ ಬೆಂದು, ಒಂಟಿ ಸಲಗದ ಎದುರು ಬರಿಗೈಲಿ ನಿಂತು ಇದನ್ನು ಸಾಧಿಸಿದ ಗಾರ್ಡು, ವಾಚರುಗಳ ಬಗ್ಗೆ ನನಗೆ ಇರುವುದು ಗೌರವ ಮಾತ್ರ.

ಇಷ್ಟು ಹಳೆಯ ಕತೆ ಯಾಕೆ ತೆಗೆದೆ ಅಂದರೆ, ಘನ ಅಡಿ ಎಣಿಸುತ್ತಿದ್ದ ಇಲಾಖೆ ಹುಲಿಯ ಮೈಮೇಲಿನ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸುವ ಇಲಾಖೆಯಾಯಿತು ಅನ್ನುವುದನ್ನು ನೆನಪಿಸಲಿಕ್ಕೆ. ಎಣಿಕೆ ಬದಲಾಯಿತು, ಅದರ ಜೊತೆ ಕೆಲಸವೂ ಬದಲಾಯಿತು. ಮೀನಿನ ವಿಷಯದಲ್ಲಿ ಮಾತ್ರ ಸರ್ಕಾರ ಇನ್ನೂ ಘನ ಅಡಿಯ ಕಾಲದಲ್ಲೇ ಇದೆ. ಮೀನುಗಾರಿಕೆ ಇಲಾಖೆಯನ್ನು ಅಳೆಯುವುದು ಟನ್ನಿನಲ್ಲಿ. ಎಷ್ಟು ಟನ್ ಉತ್ಪಾದನೆ, ಎಷ್ಟು ಲಕ್ಷ ಮರಿ ಬಿತ್ತನೆ. ಒಂದು ಟನ್ ಮೀನಿನಲ್ಲಿ ಎಷ್ಟು ಜಾತಿ ಇತ್ತು, ಅದರಲ್ಲಿ ನಮ್ಮ ಹೊಳೆಯದ್ದು ಎಷ್ಟು, ಹೊರಗಿನದ್ದು ಎಷ್ಟು ಅನ್ನುವ ಪ್ರಶ್ನೆಯಿಂದ ಯಾರ ಬಡ್ತಿಗೂ ಲಾಭವಿಲ್ಲ.

ಇದನ್ನು ಮೀನುಗಾರಿಕೆ ಇಲಾಖೆಯ ಮೇಲಿನ ದೂರು ಅಂದುಕೊಳ್ಳಬೇಡಿ. ಏಕೀಕರಣದ ನಂತರ ಆ ಇಲಾಖೆಗೆ ಕೊಟ್ಟ ಕೆಲಸವೇ ಊಟಕ್ಕೆ ಮೀನು ಬೆಳೆಸುವುದು, ಮೀನುಗಾರರಿಗೆ ಬಲೆ, ದೋಣಿ, ಬಂದರು, ಸಾಲ ಒದಗಿಸುವುದು. ಅದನ್ನು ಮಾಡಿದೆ. ಗಂಗೆಯ ಬಯಲಿನ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ತಂದು ಭದ್ರಾ ಪ್ರಾಜೆಕ್ಟಿನಲ್ಲಿ, ತುಂಗಭದ್ರಾ ಅಣೆಕಟ್ಟೆಯ ಕೆಳಗೆ ಬೆಳೆಸಿ ಕೆರೆ, ಜಲಾಶಯಗಳಿಗೆ ಬಿಟ್ಟಿದ್ದರಿಂದ ಬಯಲುಸೀಮೆಯ ಸಂತೆಗಳಿಗೆ ತಾಜಾ ಮೀನು ಬಂತು. 1969ರಲ್ಲಿ ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕೆ ಕಾಲೇಜು ಶುರುವಾಯಿತು. ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದೆ, ಮಲ್ಪೆ, ಗಂಗೊಳ್ಳಿ, ತದಡಿಯ ಜನ ಎಷ್ಟೇ ಗೊಣಗಿದರೂ ಪಾಲಿಸುತ್ತಾರೆ. ಮೀನಿಗೂ ಒಂದು ಬಸಿರು-ಬಾಣಂತನದ ಕಾಲ ಇದೆ ಅನ್ನುವುದನ್ನು ಸರ್ಕಾರ ಕಡಲಿನ ಮಟ್ಟಿಗೆ ಒಪ್ಪಿಕೊಂಡಿದೆ ಅಂದಹಾಗಾಯಿತು.

ಹೊಳೆಯ ಮಟ್ಟಿಗೆ ಏನಾಗುತ್ತದೆ ನೋಡಿ. ಮುಂಗಾರಿನ ಮೊದಲ ದೊಡ್ಡ ಮಳೆಗೆ ತುಂಗೆ, ಶರಾವತಿ, ವಾರಾಹಿಗಳ ನೀರು ಕೆಂಪಾಗಿ ಏರುತ್ತಿದ್ದಂತೆ ಮೀನು ಮೊಟ್ಟೆ ಹೊತ್ತುಕೊಂಡು ಮೇಲಕ್ಕೆ ಹತ್ತತೊಡಗುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಅಗಳಕ್ಕೆ, ಅಲ್ಲಿಂದ ನೀರು ನಿಂತ ಗದ್ದೆಗೆ. ಹತ್ತುಮೀನು ಅನ್ನುತ್ತೇವೆ. ಕರಾವಳಿಯ ಕಡೆ ಉಬರ್ ಅನ್ನುತ್ತಾರೆ. ಟಾರ್ಚು, ಕತ್ತಿ, ಮೀನು ಹಿಡಿಯುವ ಬುಟ್ಟಿ ಕೂಳಿ ಹಿಡಿದು ಇಡೀ ಊರೇ ಹಳ್ಳಕ್ಕೆ ಇಳಿಯುವ ರಾತ್ರಿ ಅದು. ಮಲೆನಾಡಿನಲ್ಲಿ ಹುಟ್ಟಿದ ಯಾರಿಗೂ ಆ ಸಂಭ್ರಮ ಮರೆಯುವಂಥದ್ದಲ್ಲ, ಮೀನು ತಿನ್ನದ ಮನೆಯ ಹುಡುಗರೂ ಕದ್ದು ನೋಡಲು ಹೋಗುತ್ತಿದ್ದರು. ಆಗ ಹಳ್ಳಗಳು ಹೆಚ್ಚಿದ್ದವು, ಗದ್ದೆಗೆ ಬತ್ತವೇ ಹಾಕುತ್ತಿದ್ದರು, ಹಿಡಿದಷ್ಟಕ್ಕಿಂತ ತಪ್ಪಿಸಿಕೊಂಡದ್ದು ಹೆಚ್ಚಿರುತ್ತಿತ್ತು. ಈಗ ಗದ್ದೆ ಅಡಿಕೆ ತೋಟವಾಗಿದೆ, ಹಳ್ಳಕ್ಕೆ ಚೆಕ್‌ಡ್ಯಾಂ ಬಿದ್ದಿದೆ, ಮೇಲಿನ ಹೊಳೆಗಳಿಗೆ ಕಿರು ಜಲವಿದ್ಯುತ್ ಘಟಕಗಳು ಅಡ್ಡಗೋಡೆ ಕಟ್ಟಿವೆ. ಹತ್ತಿಬಂದ ಮೀನು ಗೋಡೆಯ ಬುಡದಲ್ಲಿ ಗುಂಪುಗೂಡುತ್ತದೆ. ಅಲ್ಲಿ ಬಲೆ ಹಾಕಿದವನಿಗೆ ಒಂದೇ ರಾತ್ರಿಯಲ್ಲಿ ಮುಂದಿನ ಮೂರು ವರ್ಷದ ಮೀನು ಮೊಟ್ಟೆಯ ಸಮೇತ ಸಿಗುತ್ತದೆ. ಕೇಳುವವರು ಯಾರು? ಗಾರ್ಡಿಗೆ ಅದು ವನ್ಯಜೀವಿ ಅನ್ನಿಸುವುದಿಲ್ಲ. ಮೀನುಗಾರಿಕೆ ಇಲಾಖೆಯ ಸಿಬ್ಬಂದಿ ತಾಲ್ಲೂಕಿಗೆ ಬೆರಳೆಣಿಕೆಯಷ್ಟು, ಅವರಿಗೆ ಕೆರೆ ಟೆಂಡರು, ಸಬ್ಸಿಡಿ ಅರ್ಜಿಗಳೇ ಮುಗಿಯುವುದಿಲ್ಲ. ಒಳನಾಡು ಮೀನುಗಾರಿಕೆಗೆ ‘ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ’ ಎಂದು ಹೆಸರಲ್ಲೇ ಸಂರಕ್ಷಣೆಯನ್ನು ಮೊದಲಿಟ್ಟುಕೊಂಡ ರಾಜ್ಯದ ಕಾಯ್ದೆಯೂ ಇದೆ. ಕಾಯ್ದೆ ಇದೆ, ಕಾಲಾಳು ಇಲ್ಲ.

ಕೇಂದ್ರದ ಕಾನೂನಿನ ಕತೆಯೂ ವಿಚಿತ್ರ. 1972ರ ವನ್ಯಜೀವಿ ಕಾಯ್ದೆ ‘ಪ್ರಾಣಿ’ ಎಂದು ಪಟ್ಟಿ ಮಾಡಿದ್ದು ಉಭಯಚರ, ಹಕ್ಕಿ, ಸಸ್ತನಿ, ಸರೀಸೃಪಗಳನ್ನು. ಮೀನಿಗೆ ಆ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದು 2002ರ ತಿದ್ದುಪಡಿಯಲ್ಲಿ, ಮೂವತ್ತು ವರ್ಷದ ಮೇಲೆ. ಆ ತಿದ್ದುಪಡಿ ಮೀನಿಗೆ ಒಳ್ಳೆಯದನ್ನೇ ಮಾಡಬೇಕಿತ್ತು. ಕಾವೇರಿಯಲ್ಲಿ ಆದದ್ದೇ ಬೇರೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಕಾವೇರಿಯ ಡುಬ್ಬದ ಮಹಶೀರ್, ದಂಡೆಯ ಜನರ ಬಿಳಿಮೀನು, ಜಗತ್ತಿನ ದೊಡ್ಡ ಸಿಹಿನೀರಿನ ಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಕಬಿನಿಯಲ್ಲಿ 120 ಪೌಂಡಿನದೊಂದು ಸಿಕ್ಕಿತ್ತು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ, ಹೆಚ್ಚುಕಡಿಮೆ ಒಬ್ಬ ಮನುಷ್ಯನ ತೂಕ. ಅಂಥ ಮೀನಿಗಾಗಿ ದೇಶವಿದೇಶದಿಂದ ಗಾಳದವರು ಬರುತ್ತಿದ್ದರು. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ತೋಟೆ, ಬಲೆಗಳಿಂದ ಅದು ಕರಗುತ್ತಾ ಬಂದಾಗ ಬೆಂಗಳೂರಿನ ಗಾಳ ಪ್ರಿಯರು 1972ರಲ್ಲಿ ಸಂಘ ಕಟ್ಟಿಕೊಂಡು ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿದರು. ಮುಂದೆ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ನಡೆಸಿತು. ಹಿಡಿದ ಮೀನನ್ನು ತೂಗಿ ಬರೆದುಕೊಂಡು ಮತ್ತೆ ನೀರಿಗೆ ಬಿಡಬೇಕು ಅನ್ನುವ ನಿಯಮ. ಹಿಂದೆ ತೋಟೆ ಹಾಕುತ್ತಿದ್ದವರಿಗೇ ಕಾವಲಿನ ಕೆಲಸ, ಸಂಬಳ ಸಿಕ್ಕಿತು.

ಆ ತೂಕದ ಪುಸ್ತಕಗಳು ಮುಂದೆ ದೊಡ್ಡ ಸಾಕ್ಷಿಯಾದವು. ಗಾಳಿಬೋರೆಯ 1998ರಿಂದ 2012ರವರೆಗಿನ ದಾಖಲೆಯನ್ನು ವಿಜ್ಞಾನಿಗಳು ಕೂತು ಓದಿದಾಗ ಸಿಕ್ಕ ಮೀನುಗಳ ಲೆಕ್ಕ ಆರು ಸಾವಿರ ದಾಟಿತ್ತು, ವರ್ಷದಿಂದ ವರ್ಷಕ್ಕೆ ಸಂಖ್ಯೆ ಏರುತ್ತಲೂ ಇತ್ತು. ಸಂಖ್ಯೆಯನ್ನಷ್ಟೇ ನೋಡುವ ಅಧಿಕಾರಿ ಇದ್ದಿದ್ದರೆ ಸಂರಕ್ಷಣೆ ಯಶಸ್ವಿ ಎಂದು ಷರಾ ಬರೆದು ಕಡತ ಮುಚ್ಚುತ್ತಿದ್ದ. ಆದರೆ ಏರುತ್ತಿದ್ದದ್ದು ಬೇರೆಯದೇ ಮೀನು. ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಮಹಶೀರ್, ಲೋನಾವಳದ ಟಾಟಾ ಕಂಪನಿಯ ಮರಿ ಕೇಂದ್ರದಲ್ಲಿ ಬೆಳೆಸಿದ್ದನ್ನು ಮಹಶೀರ್ ಉಳಿಸುವ ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ತಂದು ಬಿಟ್ಟಿದ್ದರು. ಅದು ಬೆಳೆಯಿತು, ಬಿಳಿಮೀನು ಕುಗ್ಗಿತು.

ಇನ್ನೂ ಒಂದಿದೆ. ಇಷ್ಟು ದೊಡ್ಡ, ಇಷ್ಟು ಪ್ರಸಿದ್ಧ ಮೀನಿಗೆ ಖಚಿತವಾದ ವೈಜ್ಞಾನಿಕ ಗುರುತೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಲ್ಲಿ ಸಿಕ್ಕ ಸಣ್ಣ ಮರಿಗಳನ್ನು ನೋಡಿ 2007ರಲ್ಲಿ ‘ಟಾರ್ ರೆಮಾದೇವಿ’ ಎಂದು ಹೆಸರಿಟ್ಟಿದ್ದರು. ಅದೂ ಕಾವೇರಿಯ ಬಿಳಿಮೀನೂ ಒಂದೇ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ‘ತೀವ್ರ ಅಪಾಯ’ದ ದರ್ಜೆಗೆ ಸೇರಿತು. ನಾಮಕರಣದ ಮನೆಗೇ ಸೂತಕದ ಸುದ್ದಿ ಬಂದಂತಾಯಿತು. ಯಾವುದೇ ಹುಲಿ ಕಾಡಿನಲ್ಲಿ ಇಂಥದ್ದು ನಡೆಯಲು ಸಾಧ್ಯವೇ? ಬಂಡೀಪುರದ ಹುಲಿಗಳ ಜಾಗದಲ್ಲಿ ಬೇರೆ ನಾಡಿನ ಚಿರತೆ ತುಂಬಿಕೊಂಡು, ಅದು ಇಲಾಖೆಗೆ ಹತ್ತಿಪ್ಪತ್ತು ವರ್ಷ ತಿಳಿಯದೇ ಇರುವುದುಂಟೇ?

ಈಗ ಕಾನೂನಿಗೆ ಬರುತ್ತೇನೆ. ಮೀನು ‘ಪ್ರಾಣಿ’ಯಾದ ಮೇಲೆ ಅಭಯಾರಣ್ಯದೊಳಗೆ ಗಾಳ ಹಾಕುವುದು ಬೇಟೆಯಾಯಿತು. 1987ರಿಂದ ಆ ನದಿ ಭಾಗ ಕಾವೇರಿ ವನ್ಯಜೀವಿ ಧಾಮದ ಒಳಗಿದೆ. ಹೀಗಾಗಿ 2012ರ ಸುಮಾರಿಗೆ ಗಾಳದ ಶಿಬಿರಗಳು ನಿಂತವು. ಗಾಳ ನಿಂತದ್ದು ಸರಿಯೋ ತಪ್ಪೋ ಅನ್ನುವ ವಾದಕ್ಕೆ ನಾನು ಇಳಿಯುವುದಿಲ್ಲ, ಮೀನಿನ ಬಾಯಿಗೆ ಕೊಕ್ಕೆ ಸಿಕ್ಕಿಸಿ ಖುಷಿಪಡುವುದು ನನಗೇನೂ ರುಚಿಸುವುದಿಲ್ಲ. ನನ್ನ ತಕರಾರು ಇಷ್ಟೇ: ಗಾಳದ ಜೊತೆ ಆ ತೂಕದ ಪುಸ್ತಕವೂ ನಿಂತಿತು, ಗಾಳದವರ ದುಡ್ಡಿನಲ್ಲಿ ನಡೆಯುತ್ತಿದ್ದ ಕಾವಲೂ ಹೋಯಿತು. ಅವರ ಜಾಗಕ್ಕೆ ಒಬ್ಬ ಮೀನು ತಜ್ಞನನ್ನಾದರೂ ಇಲಾಖೆ ನೇಮಿಸಿತೇ?

ತುಂಗಭದ್ರೆಯಲ್ಲಿ ಇದೇ ಕತೆಯ ಇನ್ನೊಂದು ಮುಖ ಕಾಣುತ್ತದೆ. ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದಿರಿ. ಹೆಮ್ಮೆಯ ಕೆಲಸ, ದೇಶದಲ್ಲೇ ಮೊದಲು. ನೀರುನಾಯಿ ತಿನ್ನುವುದೇ ಮೀನು. ನಾಯಿ ಒಂದು ಇಲಾಖೆಯದು, ಅದರ ಊಟ ಇನ್ನೊಂದು ಇಲಾಖೆಯದು. ತೋಟೆ ಬಿದ್ದ ದಿನ ಎರಡೂ ಸಾಯುತ್ತವೆ, ಆದರೆ ಮೊಕದ್ದಮೆ ಹಾಕುವಾಗ ಯಾವ ಕಾಯ್ದೆ, ಯಾವ ಠಾಣೆ ಅನ್ನುವಲ್ಲಿಗೇ ಅರ್ಧ ದಿನ ಹೋಗುತ್ತದೆ.

ಹಾಗಿದ್ದರೆ ನದಿಯ ಮೀನು ಇಷ್ಟು ದಿನ ಉಳಿದದ್ದಾದರೂ ಹೇಗೆ? ಒಂದಷ್ಟು ಉತ್ತರ ದೇವಸ್ಥಾನಗಳ ಮೆಟ್ಟಿಲ ಮೇಲಿದೆ. ಶೃಂಗೇರಿಯ ತುಂಗೆಯ ಮೆಟ್ಟಿಲು, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆಯ ಮತ್ಸ್ಯಧಾಮ, ರಾಮನಾಥಪುರದಲ್ಲಿ ಕಾವೇರಿಯ ಮಡು, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆ. ದೇವರ ಮೀನು ಎಂದು ಜನ ಕೈ ಹಾಕಲಿಲ್ಲ. ಮಂಡಕ್ಕಿ ಹಾಕಿ ಕೈಮುಗಿದು ಬಂದರು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಮೀನು ಕೊಂದಾಗ ಊರವರು ಮನೆಯಲ್ಲಿ ಸಾವಾದಷ್ಟೇ ಸಂಕಟಪಟ್ಟರು, ಸತ್ತ ಮೀನುಗಳಿಗೆ ಸ್ಮಾರಕವನ್ನೂ ನಿಲ್ಲಿಸಿದರು. ಒಂದು ಇಲಾಖೆಯೂ ಮಾಡದ ಕೆಲಸ ಅದು. ಆದರೆ ದೇವರ ಮಡುವಿನ ಮೇರೆ ನೂರಿನ್ನೂರು ಮೀಟರ್. ಮುಂಗಾರಿನಲ್ಲಿ ಮೊಟ್ಟೆ ಇಡಲು ಮೀನು ಮೈಲಿಗಟ್ಟಲೆ ಮೇಲೆ ಹೋಗಬೇಕು. ಮಂಡಕ್ಕಿ ತಿಂದು ಕೊಬ್ಬಿದ ಮೀನು ಅಲ್ಲೇ ಸುತ್ತುತ್ತಿದ್ದರೆ ನದಿ ಚೆನ್ನಾಗಿದೆ ಅಂದುಕೊಳ್ಳುವುದು ನಮ್ಮ ಸಮಾಧಾನ ಅಷ್ಟೆ.

ಮುಂದೇನು ಅನ್ನುವ ಮೊದಲು ದೂರದ ಒಂದು ಊರಿನ ಸಂಗತಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮೀನಿಗೂ ವನ್ಯಜೀವಿಗೂ ಒಂದೇ ಸಂಸ್ಥೆ. ಅದರಲ್ಲಿ ಮಿಸೌರಿ ರಾಜ್ಯದ್ದು ಕುತೂಹಲದ ಕತೆ. ಅಲ್ಲಿನ ಮತದಾರರು 1936ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಮೀನು, ಕಾಡು, ವನ್ಯಜೀವಿ ಮೂರನ್ನೂ ಒಂದೇ ಆಯೋಗದ ಕೈಗೆ ಕೊಟ್ಟರು, ರಾಜಕಾರಣಿಗಳ ಕೈ ಸುಲಭಕ್ಕೆ ತಾಗದಂತೆ. 1976ರಲ್ಲಿ ಮತ್ತೆ ಮತ ಹಾಕಿ ಪ್ರತಿ ನೂರು ಡಾಲರ್ ವ್ಯಾಪಾರಕ್ಕೆ ಹನ್ನೆರಡೂವರೆ ಸೆಂಟ್ ತೆರಿಗೆಯನ್ನು ಅದಕ್ಕೆಂದೇ ತಮ್ಮ ಮೇಲೆ ಹೇರಿಕೊಂಡರು. ತಾವಾಗಿಯೇ! ದೇಶದ ಮಟ್ಟದಲ್ಲಿ 1937ರ ಕಾಯ್ದೆಯೊಂದು ಕೋವಿ, ಮದ್ದುಗುಂಡಿನ ಮೇಲಿನ ತೆರಿಗೆಯನ್ನೂ 1950ರ ಇನ್ನೊಂದು ಗಾಳದ ಸಾಮಾನಿನ ಮೇಲಿನ ತೆರಿಗೆಯನ್ನೂ ಈ ಸಂಸ್ಥೆಗಳಿಗೆ ತಿರುಗಿಸಿದವು. ಆ ವ್ಯವಸ್ಥೆಯ ಎಲ್ಲವೂ ನಮಗೆ ಬೇಕಿಲ್ಲ. ಅಲ್ಲಿ ಬೇಟೆ ಕಾನೂನುಬದ್ಧ, ಬೇಟೆಗಾರರ ಹಣದಲ್ಲಿ ನಡೆಯುವ ಸಂಸ್ಥೆ ಬೇಟೆಗಾರರ ಮಾತನ್ನೇ ಹೆಚ್ಚು ಕೇಳುತ್ತದೆ ಅನ್ನುವ ಟೀಕೆ ಅಲ್ಲೂ ಇದೆ. ನೋಡಬೇಕಾದದ್ದು ಇಷ್ಟು: ಅಲ್ಲಿ ನದಿಯ ಮೀನಿನ ಬಗ್ಗೆ ಕೇಳಿದರೆ ತೋರಿಸಲು ಒಂದು ಬಾಗಿಲಿದೆ.

ನಮ್ಮಲ್ಲಿ ಹೊಸ ಇಲಾಖೆ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಹೊಸ ಇಲಾಖೆ ಅಂದರೆ ಹೊಸ ಬೋರ್ಡು, ಹೊಸ ಜೀಪು, ಹಳೆಯ ಜಗಳ. ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗದಲ್ಲೇ ನದಿಜೀವಿಗಳಿಗೆ ಒಂದು ಘಟಕ ಸಾಕು. ಮಂಗಳೂರಿನ ಕಾಲೇಜಿನಿಂದ ವರ್ಷವರ್ಷವೂ ಮೀನು ವಿಜ್ಞಾನ ಓದಿದ ಮಕ್ಕಳು ಹೊರಬರುತ್ತಾರೆ. ಅವರಲ್ಲಿ ಬಹಳ ಜನ ಬ್ಯಾಂಕಿಗೋ ಸೀಗಡಿ ಆಹಾರದ ಕಂಪನಿಗೋ ಸೇರುತ್ತಾರೆ. ಕಾವೇರಿ, ಕಾಳಿ, ಭದ್ರಾ, ಕುದುರೆಮುಖದ ವನ್ಯಜೀವಿ ವಿಭಾಗಗಳಿಗೆ ಒಬ್ಬೊಬ್ಬರನ್ನಾದರೂ ಮೀನುಗಾರಿಕೆ ಇಲಾಖೆಯಿಂದ ಎರವಲು ಸೇವೆಯ ಮೇಲೆ ಕೊಡಿ. ಹುಲಿಗೆ ನಾಲ್ಕು ವರ್ಷಕ್ಕೊಮ್ಮೆ ಗಣತಿ ಇರುವಂತೆ ದೊಡ್ಡ ನದಿಗಳಿಗೂ ಒಂದು ಸಮೀಕ್ಷೆ ಇರಲಿ, ಯಾವ ಮಡುವಿನಲ್ಲಿ ಯಾವ ಜಾತಿ ಎಂದು ಅದು ಹೇಳಲಿ. ಪಶ್ಚಿಮ ಘಟ್ಟದ ಹೊಳೆಗಳ ಮೀನು ಜಾತಿಗಳಲ್ಲಿ ಅರ್ಧಕ್ಕೂ ಹೆಚ್ಚು ಜಗತ್ತಿನ ಬೇರೆಲ್ಲೂ ಸಿಗುವುದಿಲ್ಲ. ಇಲ್ಲಿ ಹೋದರೆ ಹೋದವು.

ಮರಿ ಬಿಡುವ ಕಾರ್ಯಕ್ರಮಗಳ ಬಗ್ಗೆ ಒಂದು ಖಾರದ ಮಾತು. ಶಾಸಕರು ಬಕೆಟ್ ಹಿಡಿದು ನದಿಗೆ ಮೀನುಮರಿ ಸುರಿಯುವ ಚಿತ್ರ ಪತ್ರಿಕೆಯಲ್ಲಿ ಚೆಂದ ಕಾಣುತ್ತದೆ. ಕೆರೆಗೆ, ಜಲಾಶಯಕ್ಕೆ ಬಿಡಿ, ಬೇಡ ಅನ್ನುವವರಿಲ್ಲ, ಅದು ಸಾಕಣೆ. ಹರಿಯುವ ಹೊಳೆಗೆ, ಅದರಲ್ಲೂ ಅಭಯಾರಣ್ಯದ ಒಳಗಿನ ಹೊಳೆಗೆ ಆ ನದಿಯದ್ದಲ್ಲದ ಒಂದು ಮರಿಯೂ ಬೀಳಬಾರದು. ಹಾರಂಗಿಯಲ್ಲಿ ಇಲಾಖೆ ಬೆಳೆಸುವ ಮಹಶೀರ್ ಮರಿ ಯಾವ ಜಾತಿಯದು, ಅದರ ತಾಯಿ ಮೀನು ಯಾವ ನದಿಯದು, ಅದನ್ನು ಎಲ್ಲೆಲ್ಲಿ ಬಿಟ್ಟಿದ್ದೀರಿ ಎಂಬ ಪಟ್ಟಿಯನ್ನು ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಿ. ಸಾಧ್ಯವಾದರೆ ಬಿಳಿಮೀನಿನ ಉಳಿದ ಸಂತತಿಗಾಗಿಯೇ ಒಂದು ಮರಿ ಕೇಂದ್ರವನ್ನು ಕಾವೇರಿಯ ದಂಡೆಯಲ್ಲಿ ಮಾಡಿ. ನಿಷೇಧವಿದ್ದರೂ ಹೊಂಡಗಳಲ್ಲಿ ಬೆಳೆಯುತ್ತಿರುವ ಆಫ್ರಿಕನ್ ಕ್ಯಾಟ್‌ಫಿಶ್ ಒಂದು ಮಳೆಗಾಲದಲ್ಲಿ ಕಟ್ಟೆ ಒಡೆದು ಹೊಳೆಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಸಂಶೋಧನೆ ಬೇಕಿಲ್ಲ.

ಹತ್ತುಮೀನಿನ ಕಾಲಕ್ಕೆ, ಮುಂಗಾರು ಶುರುವಾದ ಮೊದಲ ಕೆಲವು ವಾರ, ಆಯ್ದ ಹಳ್ಳಗಳನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗಳ ಮೂಲಕ ಮುಚ್ಚಿಸಿ. ಪೊಲೀಸರನ್ನು ಕಳಿಸಿ ಬುಟ್ಟಿ ಕಿತ್ತುಕೊಳ್ಳುವುದರಿಂದ ಆಗುವ ಕೆಲಸವಲ್ಲ ಇದು. ಒಂದು ಹೊತ್ತಿನ ಸಾರಿಗೆ ಕೂಳಿ ಹಾಕುವ ಅಜ್ಜನಿಂದ ಹೊಳೆ ಖಾಲಿಯಾಗಿಲ್ಲ. ತೋಟೆ, ಬ್ಲೀಚಿಂಗ್ ಪೌಡರ್, ಬ್ಯಾಟರಿಯ ಕರೆಂಟು ಬಿಡುವವರಿಂದ ಆಗಿದೆ. ಇಬ್ಬರನ್ನೂ ಒಂದೇ ಕಲಮಿನಲ್ಲಿ ಹಿಡಿಯುವ ಗಾರ್ಡು ಊರಿನ ಸಹಕಾರ ಕಳೆದುಕೊಳ್ಳುತ್ತಾನೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರಿಗೆ ನೀರಿನ ಮೀನಿನ ಮೇಲೂ ಸಮುದಾಯದ ಹಕ್ಕು ಕೊಡುತ್ತದೆ. ಕಬಿನಿ ಹಿನ್ನೀರಿನಲ್ಲಿ, ಶರಾವತಿಯ ಮುಳುಗಡೆ ಪ್ರದೇಶದಲ್ಲಿ ಬಲೆಯನ್ನೇ ನಂಬಿಕೊಂಡ ಕುಟುಂಬಗಳಿವೆ. ಅವರನ್ನು ಹೊರಗಿಟ್ಟು ಮಾಡುವ ಸಂರಕ್ಷಣೆ ನನಗೆ ಬೇಡ. ಕಡಲ ಮೀನುಗಾರರಿಗೆ ನಿಷೇಧದ ತಿಂಗಳುಗಳಲ್ಲಿ ಉಳಿತಾಯ-ಪರಿಹಾರ ಯೋಜನೆಯ ಹಣ ಇರುವಂತೆ ಹೊಳೆಯ ಬೆಸ್ತರ, ಅಂಬಿಗರ ಮನೆಗೂ ಅದು ನಿಜವಾಗಿ ತಲುಪಲಿ. ಭೀಮೇಶ್ವರಿಯಲ್ಲಿ ಒಮ್ಮೆ ಮಾಡಿದಂತೆ ಅವರಲ್ಲೇ ಕಾವಲಿಗೆ ಜನ ತೆಗೆದುಕೊಳ್ಳಿ. ಯಾವ ಮಡುವಿನಲ್ಲಿ ಬಾಳೆಮೀನು ಇದೆ, ಎಲ್ಲಿ ಮುಗುಡು, ಹಾವುಮೀನು ಇದೆ ಅನ್ನುವುದು ಅವರಿಗೆ ತಿಳಿದಷ್ಟು ಯಾವ ವಿಜ್ಞಾನಿಗೂ ತಿಳಿಯದು.

ಇನ್ನು ದೊಡ್ಡ ಯೋಜನೆಗಳು. ಎತ್ತಿನಹೊಳೆಯ ಮೊದಲ ಹಂತವನ್ನು 2024ರ ಸೆಪ್ಟೆಂಬರಿನಲ್ಲಿ ಚಾಲನೆಗೊಳಿಸಿದ್ದೀರಿ. ಮೇಕೆದಾಟುವಿನಲ್ಲಿ 67 ಟಿಎಂಸಿ ಹಿಡಿದಿಡುವ ಜಲಾಶಯದ ಪ್ರಸ್ತಾಪ ಮೇಜಿನ ಮೇಲಿದೆ. ಅದರ ಹಿನ್ನೀರು ಬರುವುದು ಬಿಳಿಮೀನಿನ ಕೊನೆಯ ನೆಲೆಗಳಲ್ಲೊಂದಾದ ಕಾವೇರಿ ವನ್ಯಜೀವಿ ಧಾಮದ ಒಳಕ್ಕೇ. ಬೆಂಗಳೂರಿನ ಕುಡಿಯುವ ನೀರು, ತಮಿಳುನಾಡಿನ ಜೊತೆಗಿನ ನಮ್ಮ ನ್ಯಾಯವಾದ ಪಾಲು, ಇವೆಲ್ಲ ನನಗೂ ಗೊತ್ತು, ಈ ಪತ್ರದಲ್ಲಿ ಆ ತಕ್ಕಡಿ ಹಿಡಿಯಲು ಕೂತಿಲ್ಲ. ಆದರೆ ಆ ಕಡತ ಮುಂದೆ ಸಾಗುವಾಗ ಆನೆಯ ದಾರಿಯ ಬಗ್ಗೆ ಬರೆಯಲು ಅರಣ್ಯ ಇಲಾಖೆಯಲ್ಲಿ ಅಧಿಕಾರಿಗಳಿದ್ದಾರೆ, ಬೂದು ಅಳಿಲಿನ ಬಗ್ಗೆ ಬರೆಯಲೂ ಇದ್ದಾರೆ. ಹರಿಯುವ ನೀರು ನಿಂತ ನೀರಾದರೆ ಮಹಶೀರ್ ಏನಾಗುತ್ತದೆ ಅನ್ನುವ ಪುಟವನ್ನು ಯಾರು ಬರೆದು, ಯಾರು ಸಹಿ ಹಾಕುತ್ತಾರೆ?

ಇದಕ್ಕೆಲ್ಲ ಹೊಸ ಶಾಸನ ಬೇಕಿಲ್ಲ, ಮುಖ್ಯಮಂತ್ರಿಗಳೇ. ವನ್ಯಜೀವಿ ಕಾಯ್ದೆಯ ಪ್ರಕಾರ ರಾಜ್ಯ ವನ್ಯಜೀವಿ ಮಂಡಳಿಗೆ ನೀವೇ ಅಧ್ಯಕ್ಷರು, ಅರಣ್ಯ ಸಚಿವರು ಉಪಾಧ್ಯಕ್ಷರು, ಮತ್ತು ಮೀನುಗಾರಿಕೆ ಇಲಾಖೆಯ ನಿರ್ದೇಶಕರೂ ಅದರಲ್ಲಿ ಒಬ್ಬ ಸದಸ್ಯರು. ಎರಡೂ ಇಲಾಖೆಗಳನ್ನು ಒಂದೇ ಮೇಜಿಗೆ ಕೂರಿಸುವ ಕುರ್ಚಿಗಳನ್ನು ಕಾನೂನು ಆಗಲೇ ಹಾಕಿಟ್ಟಿದೆ. ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಎರಡು ವಿಷಯ ಸೇರಿಸಿ: ಒಂದು, ಕಾವೇರಿ ವನ್ಯಜೀವಿ ಧಾಮದ ನದಿ ಭಾಗದಲ್ಲಿ ಬಿಳಿಮೀನಿನ ಈಗಿನ ಸ್ಥಿತಿಯ ಸಮೀಕ್ಷೆ, ಎರಡು, ಅಭಯಾರಣ್ಯಗಳ ಹೊಳೆಗಳಿಗೆ ಹೊರಗಿನ ಮೀನುಮರಿ ಬಿಡುವುದರ ಮೇಲೆ ನಿಷೇಧ. ನಿರ್ದೇಶಕರ ಮಾತು ಕೇಳಿ, ಮುಖ್ಯ ವನ್ಯಜೀವಿ ಪರಿಪಾಲಕರ ಮಾತೂ ಕೇಳಿ, ಸಮೀಕ್ಷೆ ಯಾರ ಹೊಣೆ ಎಂದು ಹೆಸರು ಹಾಕಿ ನಡಾವಳಿಯಲ್ಲಿ ಬರೆಸಿ. ಆ ನಡಾವಳಿಯ ಪ್ರತಿಯನ್ನು ಕೇಳಿ ಸಭೆಯ ಮರುದಿನವೇ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುತ್ತೇನೆ.

ಇಂತು ತಮ್ಮ ವಿಶ್ವಾಸಿ,
ತುಂಗಾ ತೀರದ ಒಬ್ಬ ನಾಗರಿಕ